ನಾನು ಹಾಸಿದ ಹಾಸಿಗೆ

ಬೆಳಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆಯುವುದಕ್ಕೂ ಆಟೋ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಅದರಿಂದ ಇಳಿದ ಹೆಂಗಸಿಗೆ ಏಳು ತಿಂಗಳು. ಇಳಿದಳು ಅಂದರೆ ಸುಳ್ಳಾದೀತು, ಅವಳ ತಾಯಿಯೂ ಆಟೋದವನೂ ಸೇರಿ ಇಳಿಸಿದರು. ಮೆಟ್ಟಿಲ ಮೇಲೆ ಕೂತು, ಎರಡು ಕೈಯನ್ನೂ ಮಂಡಿಗೆ ಊರಿ, ಆಳದ ಬಾವಿಯಿಂದ ನೀರು ಸೇದುವವಳ ಹಾಗೆ ಒಂದೊಂದೇ ಉಸಿರನ್ನು ಎಳೆದುಕೊಳ್ಳುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ಒಳಗೆ ಓಡಿ ಆಮ್ಲಜನಕದ ಸಿಲಿಂಡರ್ ಎಳೆದು ತಂದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಹೊಳೆನರಸೀಪುರದಲ್ಲಿ ಎದೆರೋಗದ ಡಾಕ್ಟರೊಬ್ಬರ ಪುಟ್ಟ ಕ್ಲಿನಿಕ್ಕಿನಲ್ಲಿ ನಾನು ನರ್ಸಾಗಿದ್ದೆ. ಇಂಜೆಕ್ಷನ್ ಕೊಟ್ಟು, ಔಷಧಿಯ ಹಬೆ ಹಿಡಿಸಿ, ಎರಡು ಗಂಟೆಯ ಮೇಲೆ ಅವಳ ಉಸಿರು ಹತೋಟಿಗೆ ಬಂತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ಇನ್ನೆರಡು ಸಲ ಹೀಗೆ ನೀಲಿಗಟ್ಟಿದರೆ ಮಗು ಉಳಿಯೋದು ಕಷ್ಟ. ತಾಯೀದೂ ಹೇಳಕ್ಕಾಗಲ್ಲ."

ಅವಳ ಗಂಡ ಹಾಸನದ ಕಾಲೇಜೊಂದರಲ್ಲಿ ಮೇಷ್ಟ್ರು. ಹಿಂದಿನ ವರ್ಷ ಅಲ್ಲಿದ್ದಾಗ ಐದು ತಿಂಗಳಿಗೆ ಒಂದು ಬಸಿರು ಇಳಿದುಹೋಗಿತ್ತು. ಆಮೇಲೆ ಮೈಸೂರಿಗೆ ಹೋಗಿ, ಉಬ್ಬಸ ಯಾವುದರಿಂದ ಬರುತ್ತದೆಂದು ತಿಳಿಯಲು ತೋಳಿನ ಮೇಲೆ ಸೂಜಿ ಚುಚ್ಚಿಸಿಕೊಂಡು ಪರೀಕ್ಷೆ ಮಾಡಿಸಿದ್ದಳು. ಚೀಟಿಯಲ್ಲಿ ಇದ್ದದ್ದು ಒಂದೇ ಕಾರಣ, ಮನೆಯ ಧೂಳಿನಲ್ಲಿರುವ ಹುಳ. ಕಣ್ಣಿಗೆ ಕಾಣುವುದಿಲ್ಲ, ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದುಕೊಂಡು ಹಾಸಿಗೆ, ದಿಂಬು, ಕಂಬಳಿಗಳಲ್ಲಿ ಸಂಸಾರ ಮಾಡಿಕೊಂಡಿರುತ್ತದೆ. ಅದರ ಹಿಕ್ಕೆ ಉಸಿರಿನ ಜೊತೆ ಒಳಗೆ ಹೋದರೆ ಒಗ್ಗದವರಿಗೆ ಉಬ್ಬಸ. ಹಾಸನದಲ್ಲಿ ಹೇಗೋ ಸುಧಾರಿಸಿದ್ದವಳು ಹೆರಿಗೆಗೆಂದು ತವರಿಗೆ ಬಂದ ಎರಡೇ ವಾರದಲ್ಲಿ ಈ ಸ್ಥಿತಿಗೆ ಬಂದಿದ್ದಳು.

"ಔಷಧಿ ನನ್ನದು, ಹಾಸಿಗೆ ನಿನ್ನದು," ಅಂದರು ಡಾಕ್ಟರು. ಸೋಮವಾರ, ಗುರುವಾರ ಮಧ್ಯಾಹ್ನ ಅವರ ಮನೆಗೆ ಹೋಗಿ ಮಲಗುವ ಕೋಣೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ನನಗೋ ಒಳಗೊಳಗೇ ನಗು. ದಂಡಿಗನಹಳ್ಳಿ ಕಡೆಯ ಬೇಸಾಯದ ಮನೆಯಲ್ಲಿ ಹುಟ್ಟಿ, ಕೊಟ್ಟಿಗೆ ಬಾಚಿ ಬೆಳೆದವಳಿಗೆ ಒಂದು ಕೋಣೆ ಯಾವ ಲೆಕ್ಕ ಅಂದುಕೊಂಡೆ. ಹಮ್ಮು ಅನ್ನುವುದು ಇದನ್ನೇ ಇರಬೇಕು.

ಮನೆ ದೇವಸ್ಥಾನದ ಬೀದಿಯಲ್ಲಿತ್ತು, ಹಿತ್ತಲಿನಾಚೆ ಹೇಮಾವತಿ. ಯಜಮಾನರು ಅರ್ಚಕರು. ಅವರ ಹೆಂಡತಿ, ಅಂದರೆ ಬಸುರಿಯ ತಾಯಿ, ಸ್ನಾನ ಮಾಡಿ ಮಡಿಯುಟ್ಟರೆ ಊಟ ಮುಗಿಯುವವರೆಗೆ ಯಾರನ್ನೂ ಸೋಕಿಸಿಕೊಳ್ಳದವರು. ಮೊದಲ ದಿನ ಜಗುಲಿಯಲ್ಲೇ ಕೇಳಿದರು, "ಯಾವೂರಮ್ಮ ನಿಮ್ಮದು? ಯಾರ ಪೈಕಿ?"

ಹೇಳಿದೆ.

"ಓ," ಅಂದರು. ಆ ಒಂದಕ್ಷರದೊಳಗೆ ಅಳತೆಗೋಲು ಇತ್ತು. "ಹಾಗಿದ್ರೆ ಹೀಗೆ ಪಕ್ಕದ ಬಾಗಿಲಿಂದ ಬಂದ್ಬಿಡೀಮ್ಮ. ಅಡಿಗೆಮನೆ ದಾಟೋದು ಬೇಡ."

ಇಂಥದ್ದು ನನಗೆ ಹೊಸದಲ್ಲ. ಪಕ್ಕದ ಬಾಗಿಲಿಂದಲೇ ಹೋದೆ.

ಕೋಣೆಯೊಳಗೆ ಕಣ್ಣಾಡಿಸಿದೆ. ಒಂದು ಕಿಟಕಿ, ಅದಕ್ಕೂ ಥಂಡಿ ಗಾಳಿ ಬಾರದಿರಲೆಂದು ಗೋಣಿತಾಟು. ಅಟ್ಟದ ತುಂಬ ಹಳೆಯ ಪಂಚಾಂಗ. ಮಂಚದ ಮೇಲೆ ಒಂದರ ಮೇಲೊಂದು ಮೂರು ಹತ್ತಿ ಹಾಸಿಗೆ, ಬಸುರಿಗೆ ಮೆತ್ತಗಿರಲಿ ಅಂತ. ಕೆಳಗಿನದು ಆ ಅಮ್ಮನ ಮದುವೆಯ ಕಾಲದ್ದು. ಮಗಳ ಮೇಲೆ ಇದ್ದ ಪ್ರೀತಿಯನ್ನೆಲ್ಲ ಆಕೆ ಆ ಕೋಣೆಯೊಳಗೆ ಪೇರಿಸಿಟ್ಟಿದ್ದರು. ಅದೇ ಪ್ರೀತಿ ಮಗಳ ಕತ್ತು ಹಿಸುಕುತ್ತಿತ್ತು.

ಅರಕಲಗೂಡು ರಸ್ತೆಯಲ್ಲಿ ಹತ್ತಿ ಹಿಂಜುವವನೊಬ್ಬನಿದ್ದ. ಅವನನ್ನು ಕರೆಸಿ ಹಿತ್ತಲಲ್ಲಿ ಕೆಳಗಿನ ಹಾಸಿಗೆಯ ಹೊಲಿಗೆ ಬಿಚ್ಚಿಸಿದೆ. ಅವನು ಒಂದು ಹಿಡಿ ಹತ್ತಿ ತೆಗೆದು ಬೆರಳಲ್ಲಿ ಉಜ್ಜಿದ. ಬೂದಿಯ ಹಾಗೆ ಉದುರಿತು.

"ಇದುನ್ನ ಇಂಜಾಕಾಗಾಕಿಲ್ಲ ಕಣಕ್ಕ. ಅತ್ತಿ ಎಲ್ಲೈತೆ ಇದ್ರಾಗೆ? ಬರೀ ದೂಳು. ಇದ್ರ ಮ್ಯಾಲೆ ಮನ್ಸ ಮಲಗ್ತಾನಾ?"

ಮೂರು ಹಾಸಿಗೆಯನ್ನೂ ಹಿತ್ತಲಾಚೆ ಸಾಗಿಸಿದೆವು. ಹೊಸ ಹತ್ತಿಯ ತೆಳು ಹಾಸಿಗೆ ಒಂದೇ ಒಂದು ಹೊಲಿಸಿ, ಅದನ್ನು ಬಸ್ ಸ್ಟ್ಯಾಂಡಿನ ಹತ್ತಿರ ಬಸ್ಸಿನ ಸೀಟು ಹೊಲಿಯುವವನ ಬಳಿಗೆ ಒಯ್ದೆ. ಅವನು ಹಾಸಿಗೆಗೂ ದಿಂಬಿಗೂ ರೆಕ್ಸಿನ್ನಿನ ಗವಸು ಹೊಲಿದುಕೊಟ್ಟ. ಸೂಜಿಯ ತೂತಿನಲ್ಲೂ ಹುಳ ಹಾಯದ ಹಾಗೆ ಹೊಲಿಗೆಯ ಉದ್ದಕ್ಕೂ ಅಂಟುಪಟ್ಟಿ ಹಚ್ಚಿದೆ. ಅದರ ಮೇಲೆ ಹತ್ತಿಯ ಎರಡು ಹೊದಿಕೆ ಮಾತ್ರ. ಹೊದಿಕೆಗಳನ್ನು ವಾರಕ್ಕೆ ಎರಡು ಸಲ ಕೈ ಇಡಲಾಗದಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆಯಬೇಕು. ತಣ್ಣೀರಿಗೆ ಆ ಹುಳ ಸಾಯುವುದಿಲ್ಲ. ಪೊರಕೆ ಕೋಣೆಯೊಳಗೆ ಕಾಲಿಡಕೂಡದು, ಗುಡಿಸಿದರೆ ನೆಲದ ಧೂಳು ಮೂಗಿಗೆ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಮೇಲಿನಿಂದ ಕೆಳಕ್ಕೆ ಒರೆಸುವುದು, ತೊಲೆ, ಅಟ್ಟ, ಕಿಟಕಿ, ಮಂಚದ ಕಾಲು, ಕೊನೆಗೆ ನೆಲ. ಪಂಚಾಂಗಗಳು ನಡುಮನೆಗೆ ಹೋದವು. ಗೋಣಿತಾಟು ಒಲೆಗೆ ಹೋಯಿತು. ಮುಂದಿನ ಸೋಮವಾರ ಎಲ್ಲ ಮುಗಿಸಿ, ನನ್ನ ಕೈಯಾರೆ ಹಾಸಿಗೆ ಹಾಸಿ, ಮೂಲೆಗಳನ್ನು ಮಡಿಸಿ ಒಳಗೆ ಸೇರಿಸಿ, ಬಸುರಿಯ ಕೈಗೆ ಒಂದು ನೋಟ್‌ಪುಸ್ತಕ ಕೊಟ್ಟೆ. ಯಾವ ದಿನ, ಯಾವ ಹೊತ್ತಿಗೆ ಉಬ್ಬಸ ಬಂತು ಅಂತ ಬರೆದಿಡಲು.

ಮಂಗಳವಾರ ಬೆಳಗ್ಗೆ ಅದೇ ಆಟೋ ಕ್ಲಿನಿಕ್ಕಿನ ಮುಂದೆ ನಿಂತಿತ್ತು.

ಹಳೆಯ ಧೂಳನ್ನೆಲ್ಲ ಒಂದೇ ದಿನ ಎಬ್ಬಿಸಿದ್ದಕ್ಕೆ ಹೀಗಾಗಿದೆ ಅಂದರು ಡಾಕ್ಟರು. ನಾನೂ ನಂಬಿದೆ. ಗುರುವಾರ ಹೋದಾಗ ಅವಳನ್ನು ಎರಡು ಗಂಟೆ ಜಗುಲಿಯಲ್ಲಿ ಕೂರಿಸಿ ಕೆಲಸ ಮಾಡಿದೆ. ಶುಕ್ರವಾರ ನಸುಕಿಗೆ ಮತ್ತೆ ಉಬ್ಬಸ. ಕಿಟಕಿ ತೆರೆದದ್ದರಿಂದ ಹೊಳೆಯ ಥಂಡಿ ಬರುತ್ತಿದೆ ಎಂದರು ಅವಳ ತಾಯಿ. ಅರ್ಧ ಮುಚ್ಚಿದೆ. ಸೀಗೆಪುಡಿಯ ಡಬ್ಬ, ಧೂಪದ ಬಟ್ಟಲು, ಮೊಳೆಗೆ ಸಿಕ್ಕಿಸಿದ್ದ ಹಳೆಯ ಸೀರೆಗಳು, ದೇವರ ಪಟದ ಒಣಹೂವಿನ ಹಾರ, ಒಂದೊಂದಾಗಿ ಎಲ್ಲ ಆಚೆ ಹೋದವು. ಕೊನೆಗೆ ಕೋಣೆಯಲ್ಲಿ ಮಂಚ ಮತ್ತು ಅವಳು ಮಾತ್ರ ಉಳಿದರು. ಉಬ್ಬಸ ಬಿಡಲಿಲ್ಲ.

ಆಷಾಢದ ಸೋನೆ ಬೇರೆ ಹಿಡಿದಿತ್ತು. ಸೂರ್ಯನ ಮುಖ ಕಂಡು ಎಷ್ಟೋ ದಿನವಾಗಿತ್ತು, ಒಗೆದ ಹೊದಿಕೆ ಎರಡು ದಿನವಾದರೂ ಹಸಿ. ತೇವವಿದ್ದರೆ ಹುಳಕ್ಕೆ ಹಬ್ಬ. ಇದ್ದಿಲ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಅಲ್ಲೇ ಕೂತು ಒಂದೊಂದು ಹೊದಿಕೆಯನ್ನೂ ಹಬೆ ಏಳುವ ಹಾಗೆ ತೀಡುತ್ತಿದ್ದೆ. ನನ್ನ ಸೀರೆಯಲ್ಲೇ ಧೂಳು ಬರುತ್ತಿರಬಹುದೆಂಬ ಅನುಮಾನ ಹತ್ತಿತು. ಕ್ಲಿನಿಕ್ಕಿನಲ್ಲಿ ಸ್ನಾನ ಮಾಡಿ, ಬಿಸಿನೀರಲ್ಲಿ ಒಗೆದ ಬೇರೆ ಸೀರೆ ಉಟ್ಟು ಹೋಗತೊಡಗಿದೆ. ಆ ಮನೆಗೆ ನನ್ನಷ್ಟು ಮಡಿಯಲ್ಲಿ ಹೋದವರು ಬೇರೆ ಯಾರೂ ಇರಲಾರರು.

ನಾಲ್ಕನೇ ವಾರ ಅವಳನ್ನು ಹಾಸನದ ದೊಡ್ಡ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ದಿನ ಇಟ್ಟುಕೊಂಡು ಕಳಿಸಿದರು. ಮಗು ಬೆಳೆಯಬೇಕಾದಷ್ಟು ಬೆಳೆದಿಲ್ಲ ಅಂತ ಚೀಟಿ. ಅವಳು ವಾಪಸು ಬಂದ ಮೇಲೆ ನಾನು ನೋಟ್‌ಪುಸ್ತಕ ತೆಗೆದುಕೊಂಡು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತೆ. ಮಂಗಳವಾರ ನಸುಕು. ಶುಕ್ರವಾರ ನಸುಕು. ಮತ್ತೆ ಮಂಗಳವಾರ. ಶುಕ್ರವಾರ. ಮಧ್ಯದ ದಿನಗಳಲ್ಲಿ ಅವಳದೇ ದುಂಡನೆಯ ಅಕ್ಷರದಲ್ಲಿ, 'ಚೆನ್ನಾಗಿ ನಿದ್ದೆ ಬಂತು.' ನಡುವೆ ಒಂದು ವಾರ ನನಗೆ ಜ್ವರ ಬಂದು ಹೋಗಿರಲಿಲ್ಲ. ಆ ವಾರ ಪೂರ್ತಿ ಅವಳು ಚೆನ್ನಾಗಿದ್ದಳು.

ನಾನು ಹೋದ ಮಾರನೆಯ ನಸುಕಿಗೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಪುಸ್ತಕ ಮುಚ್ಚಿದೆ. ಕಾಯಿಲೆ ಕಳೆಯಲು ಹೋದವಳು ನಾನು, ಕಾಯಿಲೆಯನ್ನು ಹೊತ್ತೊಯ್ಯುತ್ತಿದ್ದವಳೂ ನಾನೇ. ಅಳು ಬಂತು, ಅತ್ತೆ.

ಮುಂದಿನ ಗುರುವಾರ ಬರಿಗೈಯಲ್ಲಿ ಹೋದೆ. ಅವಳ ತಾಯಿ ಹಿತ್ತಲಲ್ಲಿದ್ದರು. ಅವಳು ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ಕಣ್ಣಿನ ಕೆಳಗೆ ಕಪ್ಪು, ಕೈಕಾಲು ಕಡ್ಡಿ, ಹೊಟ್ಟೆಯೊಂದೇ ಮುಂದು.

"ಇನ್ನು ನಾನು ಬರಲ್ಲಮ್ಮ," ಅಂದೆ. "ಪುಸ್ತಕ ನೋಡಿದೆ. ನಾನು ಬಂದಾಗಲೆಲ್ಲ ನಿನಗೆ ಹೆಚ್ಚಾಗತ್ತೆ. ನನ್ನ ಕೆಲಸದಲ್ಲೇ ಏನೋ ಐಬಿದೆ. ಡಾಕ್ಟರಿಗೆ ಹೇಳಿಬಿಡ್ತೀನಿ."

ಅವಳು ತಲೆ ತಗ್ಗಿಸಿದಳು. ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಿಮ್ಮದಲ್ಲ ಸಿಸ್ಟರ್, ಐಬು." ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಹೇಗೆ ಹೇಳಲಿ ನಿಮಗೆ? ನೀವು ಹೋದ ಮೇಲೆ ಅಮ್ಮ… ಅವರ ಧಾಬಳಿ ತಂದು ಹಾಸಿಗೆ ಮೇಲೆ, ದಿಂಬಿನ ಮೇಲೆ ಹಾಸ್ತಾರೆ. ನೀವು ಮುಟ್ಟಿರ್ತೀರಲ್ಲ… ಅದಕ್ಕೆ. ಮಧ್ಯೆ ಉಣ್ಣೆ ಇದ್ರೆ ಮೈಲಿಗೆ ತಾಕಲ್ಲ ಅಂತ. ಮಾರನೇ ದಿನ ಹೊದಿಕೆ ಎಲ್ಲಾ ಅವರೇ ಇನ್ನೊಂದ್ಸಲ ಒಗೆದು, ಒಲೆ ಕಾವಲ್ಲಿ ಒಣಗಿಸಿ ಹಾಸಿದ ಮೇಲೆ ತೆಗೀತಾರೆ."

ಧಾಬಳಿ ಅಂದರೆ ಮಡಿಗೆಂದು ಉಡುವ ಉಣ್ಣೆಯ ವಸ್ತ್ರ. ಹತ್ತಿಬಟ್ಟೆಗೆ ಮೈಲಿಗೆ ತಟ್ಟುತ್ತದೆ, ಉಣ್ಣೆಗೆ ತಟ್ಟದು. ಆದ್ದರಿಂದಲೇ ಅದನ್ನು ಒಗೆಯುವುದೂ ಇಲ್ಲ.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನಿಮಗೆ ಬೇಜಾರಾಗತ್ತೆ ಅಂತ."

ನನಗೆ ಬೇಜಾರಾಗುತ್ತದೆಂದು, ಹೊಟ್ಟೆಯಲ್ಲಿ ಮಗುವಿಟ್ಟುಕೊಂಡು, ಈ ಹುಡುಗಿ ಒಂದು ತಿಂಗಳಿಂದ ಉಸಿರು ಕಟ್ಟಿಸಿಕೊಂಡಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಸಿಟ್ಟೆಲ್ಲ ಹಿತ್ತಲ ಕಡೆಗೆ ತಿರುಗಿತು. ಒಂದು ತಿಂಗಳು ಮಂಡಿಯೂರಿ ನೆಲ ಒರೆಸಿದ್ದೆ. ನಾನು ಬೀದಿಯ ತಿರುವು ದಾಟುವ ಮೊದಲೇ ನಾನು ಮುಟ್ಟಿದ್ದನ್ನೆಲ್ಲ ಮುಚ್ಚಿಹಾಕುತ್ತಿದ್ದರು.

ಆಕೆ ಬಾವಿಕಟ್ಟೆಯ ಹತ್ತಿರ ಇದ್ದರು. ಕ್ಲಿನಿಕ್ಕಿನ ನಯದ ಭಾಷೆ ಮರೆತುಹೋಗಿ ನನ್ನ ಊರಿನ ಮಾತು ಬಾಯಿಗೆ ಬಂತು.

"ನಾನ್ ಮುಟ್ಟುದ್ರೆ ನಿಮ್ ಮಗಳು ಸಾಯಾಕಿಲ್ಲ ಕಣವ್ವ. ನೀವು ಮ್ಯಾಲೆ ಆಸ್ತಿದ್ದೀರಲ್ಲ ಧಾಬಳಿ, ಅದು ಸಾಯಿಸ್ತದೆ!"

ಆಕೆಯ ಕೈಯ ಕೊಡಪಾನ ಕಟ್ಟೆಗೆ ತಾಗಿ ಸದ್ದಾಯಿತು.

"ಅದು ನಮ್ಮಮ್ಮ ಉಡ್ತಿದ್ದ ಧಾಬಳಿ. ಅದಕ್ಕೆ ಮೈಲಿಗೆಯಿಲ್ಲ."

"ಒಗೆದು ಎಷ್ಟು ವರ್ಷ ಆಯ್ತು?"

"ಮೈಲಿಗೆಯೇ ಇಲ್ಲ ಅಂದ ಮೇಲೆ ಒಗೆಯೋದ್ಯಾಕೆ?" ಎಂದವರು ಇದ್ದಕ್ಕಿದ್ದಂತೆ ಕಟ್ಟೆಯ ಮೇಲೆ ಕುಸಿದು ಕೂತರು. "ಹೋದ ಸಲ ಹಾಸನದಲ್ಲಿ ಮಡಿಯಿಲ್ಲ, ಮೈಲಿಗೆಯಿಲ್ಲ, ಹೇಗೆ ಬೇಕೋ ಹಾಗಿದ್ಲು. ಐದು ತಿಂಗಳಿಗೆ ಹೋಯ್ತು. ಈ ಸಲನಾದ್ರೂ ದೇವರು ಕಣ್ಣು ಬಿಡಲಿ ಅಂತ ಮಾಡ್ದೆ. ನಿಮ್ಮನ್ನ ಅವಮಾನ ಮಾಡಕ್ಕಲ್ಲ ಕಣಮ್ಮ."

ನಾನು ಹೊರಟುಬಂದೆ. ಡಾಕ್ಟರಿಗೆ ಎಲ್ಲ ಹೇಳಿ, ಇನ್ನು ಆ ಮನೆಯ ಹೊಸಲು ತುಳಿಯುವುದಿಲ್ಲ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಯ್ತು. ಧಾಬಳಿ ಹಾಸಬೇಡಿ ಅಂತ ನಾನು ಹೇಳಿಕಳಿಸ್ತೀನಿ. ಹಾಸೋದು ಬಿಡ್ತಾರೆ ಅಂತ ನಿನಗೆ ನಂಬಿಕೆ ಇದೆಯಾ?"

ಇರಲಿಲ್ಲ. ನಾನಲ್ಲದೆ ಇನ್ನೊಬ್ಬ ನರ್ಸನ್ನು ಕಳಿಸಿದರೂ ಅವಳ ಬೆನ್ನ ಹಿಂದೆ ಧಾಬಳಿ ಬರುತ್ತದೆ. ಹೆದರಿದ ತಾಯಿಯ ಕೈಯಿಂದ ದೇವರನ್ನು ಕಿತ್ತುಕೊಳ್ಳುವುದು ಯಾವ ಡಾಕ್ಟರಿಂದ ಆದೀತು? ಮೂರು ದಿನ ಈ ಯೋಚನೆಯಲ್ಲೇ ಒದ್ದಾಡಿದೆ. ನನಗೆ ಬೇಕಾಗಿದ್ದು ಏನು? ಆಕೆಯ ಬಾಯಿಂದ 'ತಪ್ಪಾಯಿತು' ಅನ್ನಿಸುವುದೋ, ಆ ಹುಡುಗಿಯ ಉಸಿರೋ? ಎರಡೂ ಬೇಕಿತ್ತು, ಸುಳ್ಳೇಕೆ ಹೇಳಲಿ. ಆದರೆ ಎರಡಕ್ಕೂ ಕಾಯುವಷ್ಟು ದಿನ ಉಳಿದಿರಲಿಲ್ಲ.

ಸೋಮವಾರ ಹೋಗಿ ಕೋಣೆಯ ಹೊಸಲಾಚೆ ನಿಂತೆ.

"ಅಮ್ಮ, ಇನ್ಮೇಲೆ ನಾನು ಒಳಗೆ ಬರಲ್ಲ, ಏನನ್ನೂ ಮುಟ್ಟಲ್ಲ. ಎಲ್ಲಾ ನೀವೇ ಮಡೀಲಿ ಮಾಡಿ. ನಾನು ಇಲ್ಲಿ ನಿಂತು ಹೇಳಿಕೊಡ್ತೀನಿ. ನಾನು ಮುಟ್ಟದೆ ಇದ್ರೆ ಧಾಬಳಿ ಬೇಕಾಗಲ್ಲ, ಅಲ್ಲವಾ?"

"ಬೇಕಾಗಲ್ಲ," ಅಂದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹೊಸಲಲ್ಲಿ ನಿಂತು ಕೆಲಸ ಹೇಳುವುದು ಮಾಡುವುದಕ್ಕಿಂತ ಕಷ್ಟ. ಕಣ್ಣೆದುರಿಗೆ ಮಂಚದ ಕಾಲಿನ ಸಂದಿಯಲ್ಲಿ ಧೂಳು ಕಾಣುತ್ತದೆ, ಕೈ ತುರಿಸುತ್ತದೆ, ಮುಟ್ಟುವ ಹಾಗಿಲ್ಲ. "ಎಡಕ್ಕೆ, ಇನ್ನೂ ಕೆಳಗೆ, ಬಟ್ಟೆ ಹಿಂಡಿಕೊಳ್ಳಿ," ಎನ್ನುತ್ತ ಬಾಯಿ ನೋಯಿಸಿಕೊಂಡೆ. ಆಕೆಯ ಮಂಡಿ ಬಗ್ಗದು. ಮೂಲೆ ಮಡಿಸುವುದು ಬಾರದು, ಎಳೆದೆಳೆದು ಸಿಕ್ಕಿಸಿದ್ದು ಮಗಳು ಹೊರಳಿದರೆ ಎದ್ದುಬರುತ್ತಿತ್ತು. ಆದರೆ ಒಂದು ವಿಷಯದಲ್ಲಿ ಆಕೆ ನನ್ನನ್ನೂ ಮೀರಿಸಿದರು. ಕುದಿನೀರಿನ ಹೊದಿಕೆಯನ್ನು ಕೈಯಲ್ಲಿ ಮುಟ್ಟದೆ ಕೋಲಿನಲ್ಲೇ ಎತ್ತಿ, ಕೋಲಿನಲ್ಲೇ ಗಳದ ಮೇಲೆ ಹರವುತ್ತಿದ್ದರು. ನಾನಾಗಿದ್ದರೆ ಕೈ ಸುಡುತ್ತದೆಂದು ತಣ್ಣೀರು ಬೆರೆಸುತ್ತಿದ್ದೆ. ನಲವತ್ತು ವರ್ಷ ಮಡಿಬಟ್ಟೆ ಒಣಹಾಕಿದ ಕೈ ಹುಳದ ಪಾಲಿಗೆ ಯಮನಾಯಿತು.

ಆ ಮಂಗಳವಾರ ಬೆಳಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆದು ಬೀದಿ ನೋಡುತ್ತ ನಿಂತೆ. ಆಟೋ ಸದ್ದಾದಾಗಲೆಲ್ಲ ಮೆಟ್ಟಿಲಿಳಿದು ನೋಡಿದೆ. ಹತ್ತು ಗಂಟೆಯಾಯಿತು, ಬರಲಿಲ್ಲ. ಶುಕ್ರವಾರವೂ ಬರಲಿಲ್ಲ.

ಹಾಗೆಂದು ನಿಶ್ಚಿಂತೆಯಾಗಲಿಲ್ಲ. ಕಳೆದುಹೋದ ಆ ತಿಂಗಳ ಏಟು ಮಗುವಿಗೆ ಬಿದ್ದಾಗಿತ್ತು. ಪ್ರತಿ ಸಲ ಡಾಕ್ಟರು ಹೊಟ್ಟೆಗೆ ಕಿವಿಯಿಟ್ಟು ಕೇಳುವಾಗ ಆ ಅಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ದಿನ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು, "ನಾನೇ ಮಾಡಿದ್ದಾ ಇದು? ನಿಜ ಹೇಳಿ."

"ಗೊತ್ತಿಲ್ಲದೆ ಮಾಡಿದಿರಿ," ಅಂದೆ. ಹೌದು ಅನ್ನುವ ಮಾತನ್ನು ನುಂಗಿದೆ. ಆಕೆಗೆ ಅದೂ ಕೇಳಿಸಿತೆಂದು ಕಾಣುತ್ತದೆ.

ಶ್ರಾವಣ ಕಳೆದು ಭಾದ್ರಪದದಲ್ಲಿ, ದಿನ ತುಂಬಲು ಮೂರು ವಾರವಿರುವಾಗಲೇ ನೋವು ಬಂತು. ಹಾಸನಕ್ಕೆ ಕರೆದುಕೊಂಡು ಹೋದರು. ಮಧ್ಯಾಹ್ನ ಕ್ಲಿನಿಕ್ಕಿನ ಎದುರಿನ ಎಸ್.ಟಿ.ಡಿ. ಬೂತಿಗೆ ಫೋನ್ ಬಂತೆಂದು ಕರೆದಾಗ ನಾನು ರಸ್ತೆಗೆ ಅಡ್ಡ ಓಡಿದೆ. ಆ ಕಡೆ ಅರ್ಚಕರು. ಹೆಣ್ಣು ಮಗು, ಎರಡು ಕೇಜಿಗೆ ಕಡಿಮೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಅಳುತ್ತಿದೆ ಅಂದರು. ಅಳುತ್ತಿದೆ ಅನ್ನುವ ಮಾತನ್ನು ನಾನು ಎರಡು ಸಲ ಹೇಳಿಸಿಕೊಂಡೆ.

ತಾಯಿ ಮಗು ಮನೆಗೆ ಬಂದದ್ದು ಹದಿನೆಂಟನೇ ದಿನ. ಹೆರಿಗೆಯ ಸೂತಕವೆಲ್ಲ ಕಳೆದು, ಪುಣ್ಯಾಹವಾಗಿ, ಮನೆ ಮತ್ತೆ ಮೊದಲಿನ ಮಡಿಗೆ ಬಂದಿತ್ತು. ಬಾಣಂತಿಯ ಕೋಣೆಯ ಕಿಟಕಿ ಮುಚ್ಚಬಾರದು, ಸಾಂಬ್ರಾಣಿ ಹೊಗೆ ಕೂಡದು ಎಂದೆಲ್ಲ ಹೇಳಬೇಕಿತ್ತು. ಸೋಮವಾರವೇ ಹೋದೆ. ಪಕ್ಕದ ಬಾಗಿಲಿಂದ ಬಂದು ನನ್ನ ಜಾಗದಲ್ಲಿ, ಹೊಸಲಾಚೆ ನಿಂತೆ.

ಹಿತ್ತಲ ಗಳದ ಮೇಲೆ ಏನೋ ಕಂದುಬಣ್ಣದ್ದು ನೇತಾಡುತ್ತಿತ್ತು. ಮೊದಲು ಮಗುವಿನ ಹೊದಿಕೆ ಅಂದುಕೊಂಡೆ. ಅಂಚಿನಲ್ಲಿ ಸುಕ್ಕಾದ ಕೆಂಪು ಗೆರೆ ನೋಡಿದ ಮೇಲೆ ಗೊತ್ತಾಯಿತು. ಧಾಬಳಿ. ಎಂಟು ಮೊಳದ್ದು ನಾಲ್ಕು ಮೊಳಕ್ಕೆ ಕುಗ್ಗಿ, ದಪ್ಪಗೆ ಗಟ್ಟಿಯಾಗಿ, ಸುಟ್ಟ ರೊಟ್ಟಿಯ ಹಾಗೆ ಮುರುಟಿತ್ತು.

"ಕುದಿಯೋ ನೀರಿಗೆ ಹಾಕ್ದೆ," ಅಂದರು ಆ ಅಮ್ಮ ಹಿಂದಿನಿಂದ. ಮಗು ಅವರ ತೋಳಿನಲ್ಲಿತ್ತು. "ನೀವು ಹೊದಿಕೆಗೆ ಹೇಳಿದ್ರಲ್ಲ, ಅರ್ಧ ಗಂಟೆ ಅಂತ. ಹೀಗಾಗತ್ತೆ ಅಂತ ಗೊತ್ತಿರಲಿಲ್ಲ."

"ಉಣ್ಣೆಗೆ ಅಷ್ಟು ಬಿಸಿ ಆಗಲ್ಲಮ್ಮ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ರಿ." ಆಕೆ ಗಳದ ಕಡೆ ನೋಡಲಿಲ್ಲ. "ಹೋಗಲಿ ಬಿಡಿ. ದಿನಾ ಒಗೆದ ಸೀರೆ ಉಟ್ಟರಾಯ್ತು. ಅದೂ ಮಡೀನೇ."

ಒಳಗೆ ಮಂಚದ ಮೇಲೆ ರೆಕ್ಸಿನ್ನಿನ ಹಾಸಿಗೆ ಬರಿದಾಗಿತ್ತು. ಕಾಲ್ದೆಸೆಯಲ್ಲಿ ಒಗೆದು ಒಣಗಿಸಿ ಮಡಿಸಿದ ಹೊದಿಕೆ. ಬಾಣಂತಿ ಗೋಡೆಗೊರಗಿ ಕೂತು ನನ್ನನ್ನೇ ನೋಡುತ್ತಿದ್ದಳು.

"ಅಲ್ಲೇ ಯಾಕೆ ನಿಂತ್ರಿ?" ಅಂದರು ಅಮ್ಮ. "ಬನ್ನಿ ಒಳಗೆ. ನಾನು ಸಿಕ್ಕಿಸಿದ ಮೂಲೆ ನಿಲ್ಲಲ್ಲ. ನೀವೇ ಹಾಸಿಕೊಡಿ."

ಹೊಸಲು ದಾಟಿದೆ. ಹೊದಿಕೆ ಬಿಡಿಸಿ, ನಾಲ್ಕು ಮೂಲೆಯನ್ನೂ ಮಡಿಸಿ, ಅಂಗೈಯಿಂದ ನಡುವಿನ ಸುಕ್ಕು ನೀವಿದೆ. ಅಷ್ಟು ಸಣ್ಣ ಕೆಲಸಕ್ಕೆ ಎಷ್ಟು ಹೊತ್ತು ತೆಗೆದುಕೊಂಡೆನೋ. ಮುಗಿಸಿ ಪಕ್ಕಕ್ಕೆ ಸರಿದೆ. ಆಕೆ ಬಗ್ಗದ ಮಂಡಿಯನ್ನು ಮಂಚಕ್ಕೆ ಒತ್ತಿ, ನನ್ನ ಕೈ ಆಡಿದ ಜಾಗದಲ್ಲೇ ಮೊಮ್ಮಗಳನ್ನು ಮಲಗಿಸಿದರು. ನಡುವೆ ಏನನ್ನೂ ಹಾಸಲಿಲ್ಲ.

ಮಂಗಳವಾರ ಬೆಳಗ್ಗೆ ಆಟೋ ಬರಲಿಲ್ಲ.